ಕ್ಯಾಪ್ಟನ್ ಹಾಲ್‌ಸ್ಟೆಡ್‌ನ ಕೋಟು ಹೊಲಿದವರು ಯಾರು

ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಹಲ್ಲಿನ ಡಾಕ್ಟರಿಗೂ ಪಿಜ್ಜಾ ಅಂಗಡಿಗೂ ಮಧ್ಯೆ ಜಬ್ಬಾರನ ಹೊಲಿಗೆ ಅಂಗಡಿ ಇದೆ. ಹೊರಗಿನ ಬೋರ್ಡಿನಲ್ಲಿ ಆಲ್ಟರೇಷನ್ಸ್ ಎಂದಷ್ಟೇ ಬರೆದಿದೆ. ಅಮೆರಿಕನ್ನರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬರುತ್ತಾರೆ. ಸುತ್ತಲಿನ ಬಡಾವಣೆಗಳ ಕನ್ನಡದ ಹೆಂಗಸರು ಬ್ಲೌಸ್ ಹಿಡಿದು ಬರುತ್ತಾರೆ. ಜಬ್ಬಾರ್ ಮೂಲತಃ ಲೇಡೀಸ್ ಟೈಲರ್. ಗದಗ-ಬೆಟಗೇರಿಯಲ್ಲಿ ಮಾವನ ಅಂಗಡಿಯಲ್ಲಿ ಕಲಿತ ವಿದ್ಯೆ ಅದು. ಮೂವತ್ತು ವರ್ಷದ ಹಿಂದೆ ಅಣ್ಣ ಕಲೀಮ್ ಮಿಷಿಗನ್ನಿಗೆ ಕರೆಸಿಕೊಂಡಾಗ ಕತ್ತರಿಯೊಂದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದವನು, ಇವತ್ತಿಗೂ ಅದೇ ಕತ್ತರಿ ಹಿಡಿದಿದ್ದಾನೆ.

ಅವನ ಕೆಲಸದಲ್ಲಿ ಒಂದೇ ಹಟ. ಬಟ್ಟೆ ಕತ್ತರಿಸುವಾಗ ಎರಡೂ ಪಕ್ಕಕ್ಕೆ ಒಳಗಡೆ ಧಾರಾಳವಾಗಿ ಬಟ್ಟೆ ಬಿಡುತ್ತಾನೆ. ಹೆಣ್ಣುಮಕ್ಕಳಿಗೆ ಮದುವೆಯಾಗುತ್ತದೆ, ಬಾಣಂತನವಾಗುತ್ತದೆ, ಏನೂ ಆಗದಿದ್ದರೂ ವಯಸ್ಸಾಗುತ್ತದೆ. ಬ್ಲೌಸ್ ಬಿಗಿಯಾದಾಗ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಹೊರಗೆ ತಂದರಾಯಿತು. ಇದು ಕರ್ನಾಟಕದ ಯಾವ ಟೈಲರಿಗೂ ಹೊಸ ವಿಷಯವಲ್ಲ. ಜಬ್ಬಾರ್ ಮಾತ್ರ ಅದನ್ನು ಎಲ್ಲರಿಗೂ ಮಾಡುತ್ತಾನೆ, ಬೇಡ ಎಂದವರಿಗೂ ಮಾಡುತ್ತಾನೆ.

"ಮಾಸ್ಟ್ರೇ, ನಾನೇನೂ ದಪ್ಪ ಆಗಿಲ್ಲ. ಬ್ಲೌಸೇ ಶ್ರಿಂಕ್ ಆಗಿದೆ," ಎನ್ನುತ್ತಾರೆ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಚೇತನಾ, ಪ್ರತಿ ದೀಪಾವಳಿಗೆ.

"ಹೌದ್ರಿ ಮೇಡಂ, ಡ್ರೈಯರ್‌ದಾಗ ಹಾಕಿದ್ರ ಹಂಗ ಆಗ್ತೈತ್ರಿ," ಎನ್ನುತ್ತಾನೆ ಜಬ್ಬಾರ್. ರೇಷ್ಮೆ ಬ್ಲೌಸನ್ನು ಯಾರೂ ಡ್ರೈಯರಿಗೆ ಹಾಕುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಅವನ ವ್ಯಾಪಾರ ನಡೆದಿರುವುದೇ ಈ ಮರ್ಯಾದೆಯ ಮೇಲೆ.

ಒಂದು ಜನವರಿಯಲ್ಲಿ, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ಇದ್ದಾಗ, ಬಾಗಿಲು ತುಂಬುವಷ್ಟು ಅಗಲವಾದ ಒಬ್ಬ ಕಪ್ಪು ಮನುಷ್ಯ ಒಳಗೆ ಬಂದ. ಹೆಸರು ಲಮಾಂಟ್ ಗ್ರಿಗ್ಸ್‌ಬಿ, ಊರು ಪಕ್ಕದ ಪಾಂಟಿಯಾಕ್. ಶಾಲಾ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಮೇಜಿನ ಮೇಲೆ ಒಂದು ಹಳೆಯ ಕೋಟು ಹರಡಿದ. ಕಂದುಗೆಂಪು ಬಣ್ಣ, ಎತ್ತರದ ಕಾಲರು, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ. ಬಟ್ಟೆ ಎಷ್ಟು ಸವೆದಿತ್ತೆಂದರೆ ಬೆಳಕಿಗೆ ಹಿಡಿದರೆ ಆಚೆಯ ರಸ್ತೆ ಕಾಣುತ್ತಿತ್ತು.

ಜಬ್ಬಾರನ ಮುಖ ಅರಳಿತು. ಬೆಟಗೇರಿಯಲ್ಲಿ ಇಂಥ ಕೋಟುಗಳನ್ನು ಅವನು ರಾಶಿ ರಾಶಿ ಹೊಲಿದಿದ್ದ.

"ನೀವು ಮದುವಿ ಬ್ಯಾಂಡಿನ್ಯಾಗ ಇದ್ರೇನ್ರಿ ಸರ್? ಏನ್ ಬಾರಸ್ತಿದ್ರಿ? ಕ್ಲಾರಿನೆಟ್?" ಎಂದು ಕೇಳಿದ. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಆದರೆ ಜಬ್ಬಾರನ ಇಂಗ್ಲಿಷ್ ಗದಗಿನಿಂದಲೇ ಹೊರಟು ಬರುತ್ತದೆ, ಹಾಗಾಗಿ ಹೀಗೆ ಬರೆಯುವುದೇ ನ್ಯಾಯ.

ಲಮಾಂಟ್ ಅಲ್ಲವೆಂದು ತಲೆಯಾಡಿಸಿದ. "ಇದು ಕ್ಯಾಪ್ಟನ್ ಹಾಲ್‌ಸ್ಟೆಡ್‌ನ ಕೋಟು," ಎಂದ.

"ಅವರು ಮಿಲಿಟರಿಯವರೇನ್ರಿ?"

"ಅಲ್ಲ. ಕಾಮಿಕ್ ಪುಸ್ತಕದವನು."

ಜಬ್ಬಾರ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡ. ಇಷ್ಟು ವರ್ಷದಲ್ಲಿ ಅವನು ಕೃಷ್ಣಜನ್ಮಾಷ್ಟಮಿಗೆ ಕೃಷ್ಣನ ಜುಬ್ಬ ಹೊಲಿದಿದ್ದಾನೆ, ರಾಜ್ಯೋತ್ಸವಕ್ಕೆ ಕಿತ್ತೂರು ಚೆನ್ನಮ್ಮನ ಕುಪ್ಪಸ ಹೊಲಿದಿದ್ದಾನೆ. ಅವರ್ಯಾರೂ ಖುದ್ದಾಗಿ ಅಳತೆ ಕೊಡಲು ಬಂದಿರಲಿಲ್ಲ. ಹಳೆಯ ಕೋಟು ರಿಪೇರಿಯಾಗುವುದಿಲ್ಲ, ಹೊಸದೇ ಹೊಲಿಯಬೇಕು ಎಂದು ಹೇಳಿ ಅಳತೆ ತೆಗೆಯತೊಡಗಿದ. ಲಮಾಂಟನ ಎಡ ಭುಜ ಬಲಕ್ಕಿಂತ ಸ್ವಲ್ಪ ಇಳಿದಿತ್ತು. ಹುಟ್ಟಿನಿಂದಲೇ ಹಾಗೆ ಎಂದ. ಆ ಕಡೆಗೆ ಒಳಗೊಂದು ಪದರ ಹತ್ತಿ ಕೊಡಬೇಕೆಂದು ಜಬ್ಬಾರ್ ಮನಸ್ಸಿನಲ್ಲಿ ಇಟ್ಟುಕೊಂಡ. ಅಳತೆ ಮುಗಿಯುವಷ್ಟರಲ್ಲಿ ಕ್ಯಾಪ್ಟನ್‌ನ ಕಥೆಯೂ ಮುಗಿದಿತ್ತು.

ಕಥೆ ಇಷ್ಟು. ಕ್ಯಾಪ್ಟನ್‌ನ ನಿಜವಾದ ಹೆಸರು ವಾಲ್ಟರ್ ಪೀಸ್. ಶಿಕಾಗೋದ ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವ ಕಪ್ಪು ಯುವಕ. ಒಂದು ದಿನ ತುಂಬಿದ ಲಿಫ್ಟಿನ ತಂತಿ ಹರಿಯಿತು. ವಾಲ್ಟರ್ "ನಿಲ್ಲು" ಎಂದ. ಲಿಫ್ಟು ನಿಂತಿತು. ಅವನ ಶಕ್ತಿ ಅಷ್ಟೇ, ಬೀಳುವುದನ್ನು ನಿಲ್ಲಿಸುವುದು. ಹಾರಲು ಬರುತ್ತಿರಲಿಲ್ಲ. ಎಲ್ಲಿ ಯಾವುದು ಬೀಳುತ್ತಿದೆ ಎಂದು ಸುದ್ದಿ ಬಂದರೂ ಅಲ್ಲಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದ, ಟಿಕೆಟ್ ಕೊಂಡು. ಈ ಭಾಗ ಹೇಳುವಾಗ ಲಮಾಂಟನ ದನಿಯಲ್ಲಿ ಬಸ್ ಡ್ರೈವರನ ಅಭಿಮಾನ ಕೇಳಿಸಿತು.

ಅವನನ್ನು ಬರೆದವರು, ಚಿತ್ರಿಸಿದವರು ಶಿಕಾಗೋದ ಕಪ್ಪು ಜನ. ಅಚ್ಚು ಹಾಕಿದವನು ಪುಕ್ಕಲ. ಕಪ್ಪು ಮುಖದ ನಾಯಕನನ್ನು ಅಂಗಡಿಯವರು ಇಡುವುದಿಲ್ಲ ಎಂದು ಹೆದರಿ ಕ್ಯಾಪ್ಟನ್‌ಗೆ ತಲೆಯಿಂದ ಗದ್ದದವರೆಗೆ ಮುಖವಾಡ ಹಾಕಿಸಿದ, ಕೈಗೆ ಗವಸು ಹಾಕಿಸಿದ, ಲಿಫ್ಟಿನೊಳಗೂ ಬೆನ್ನನ್ನಷ್ಟೇ ತೋರಿಸಿದ. ಆರು ಸಂಚಿಕೆಗಳವರೆಗೆ ಓದುಗರಿಗೆ ಅವನ ಬಣ್ಣ ಗೊತ್ತಿರಲಿಲ್ಲ. ಏಳನೆಯದರಲ್ಲಿ ಒಬ್ಬ ಮುದುಕಿ ಮೂರನೆಯ ಮಹಡಿಯಿಂದ ಬೀಳುತ್ತಾಳೆ. ಕ್ಯಾಪ್ಟನ್ ಅವಳನ್ನು ಗಾಳಿಯಲ್ಲೇ ನಿಲ್ಲಿಸಿ ಮೆಲ್ಲಗೆ ಇಳಿಸುತ್ತಾನೆ. ಅವಳು ಥ್ಯಾಂಕ್ಸ್ ಹೇಳುವುದಿಲ್ಲ. "ಯಾರ ಮಗ ನೀನು?" ಎಂದು ಕೇಳುತ್ತಾಳೆ. ಅವನು ಮುಖವಾಡ ತೆಗೆಯುತ್ತಾನೆ.

ಪಾಂಟಿಯಾಕ್‌ನ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಕೂತಿದ್ದ ಪುಟ್ಟ ಲಮಾಂಟ್ ಆ ಪುಟ ನೋಡಿದ. ಮುಖ ತನ್ನಂತೆಯೇ ಇತ್ತು. ಸರದಿ ಬಂದು ಕರೆದರೂ ಅವನು ಏಳಲಿಲ್ಲ.

ಆ ಸಂಚಿಕೆಯ ಕಟ್ಟುಗಳನ್ನು ಅಂಗಡಿಗಳು ವಾಪಸು ಕಳಿಸಿದವು, ಸ್ವಲ್ಪ ದಿನದಲ್ಲೇ ಪುಸ್ತಕ ನಿಂತುಹೋಯಿತು. ಮುಂದೆ ದೊಡ್ಡ ಕಂಪನಿಯೊಂದು ಕ್ಯಾಪ್ಟನ್‌ನನ್ನು ಕೊಂಡಿತು. ಕೊಂಡವರು ಸುಮ್ಮನಿರುತ್ತಾರೆಯೇ? ಒಮ್ಮೆ ಸಾಯಿಸಿದರು. ಒಮ್ಮೆ ಎಬ್ಬಿಸಿದರು. ಈಗಿನ ಕಥೆಯ ಪ್ರಕಾರ ಅವನು ಲಿಫ್ಟ್ ನಡೆಸಿದವನೇ ಅಲ್ಲ. ಭವಿಷ್ಯತ್ಕಾಲದಿಂದ ಬಂದ ರೋಬೋಟ್.

ಜಬ್ಬಾರ್ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಈ ಕೋಟು ಯಾರ್ ಹೊಲದ್ರು ಸರ್?"

"ನನ್ನ ಹೆಂಡತಿ ಒಡೆಸ್ಸಾ. ತೀರಿಕೊಂಡು ನಾಲ್ಕು ವರ್ಷವಾಯಿತು."

"ಇದಲ್ರಿ. ಪುಸ್ತಕದಾಗಿಂದು. ಕ್ಯಾಪ್ಟನ್ ಸಾಹೇಬ್ರದು."

ಲಮಾಂಟ್ ಐವತ್ತು ವರ್ಷ ಆ ಪುಸ್ತಕ ಓದಿದ್ದ, ಈ ಪ್ರಶ್ನೆ ಹೊಳೆದಿರಲಿಲ್ಲ. "ಪುಸ್ತಕದಲ್ಲಿ ಹೇಳಿಲ್ಲ," ಎಂದ. "ಹೊಸ ಕಥೆಯಲ್ಲಿ ಯಾವುದೋ ಮಷಿನ್ ಮಾಡಿದ್ದು ಅಂತಿದೆ."

"ಮಷಿನ್ನಿಗೆ ಅಳತಿ ಯಾರ್ ಕೊಟ್ರು?" ಎಂದು ಜಬ್ಬಾರ್ ಕೇಳಿದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇಷ್ಟು ಗುಂಡಿ, ಇಂಥ ಕಾಲರು, ಮೇಲೊಂದು ಮುಖವಾಡ. ಇದನ್ನೆಲ್ಲ ಹೊಲಿದವನ ಹೆಸರಿಗೆ ಇಡೀ ಪುಸ್ತಕದಲ್ಲಿ ಒಂದು ಸಾಲು ಜಾಗವಿಲ್ಲ.

ಹೊಸ ಕೋಟು ಸೆಪ್ಟೆಂಬರಿಗೆ ಬೇಕಿತ್ತು. ವರ್ಷಕ್ಕೊಮ್ಮೆ ಶಿಕಾಗೋದ ಹಾಲ್‌ಸ್ಟೆಡ್ ಸ್ಟ್ರೀಟಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಹಳೆಯ ಓದುಗರು ಸೇರುತ್ತಾರೆ. ಒಬ್ಬರು ಎದ್ದು ಕ್ಯಾಪ್ಟನ್‌ನ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತಾರೆ, ಉಳಿದವರು ನಡುನಡುವೆ ತಪ್ಪು ತಿದ್ದುತ್ತಾರೆ. ಕೊನೆಗೆ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು "ಯಾರ ಮಗ ನೀನು?" ಎಂದು ಕೇಳುತ್ತಾಳೆ. ಕೋಟು ತೊಟ್ಟು ನಿಂತ ಲಮಾಂಟ್ ಮುಖವಾಡ ತೆಗೆಯುತ್ತಾನೆ. ಆಮೇಲೆ ಫ್ರೈಡ್ ಚಿಕನ್. ಕ್ಯಾಪ್ಟನ್ ಬಾರದ ವರ್ಷವೇ ಇರಲಿಲ್ಲ. ಒಡೆಸ್ಸಾ ತೀರಿಕೊಂಡ ವರ್ಷವೂ ಬಂದಿದ್ದ. ಈಚೆಗೆ ಬರುವವರು ಕಡಿಮೆಯಾಗಿದ್ದರು. ಒಂದು ಸಲ ಕ್ಯಾಪ್ಟನ್ ತಪ್ಪಿಸಿದರೆ ಸಭೆಯೇ ನಿಂತುಹೋಗುತ್ತದೆ, ಆಮೇಲೆ ಉಳಿಯುವುದು ರೋಬೋಟ್ ಮಾತ್ರ ಎಂಬುದು ಲಮಾಂಟನ ಭಯ.

ಮಾರ್ಚಿನಲ್ಲಿ ಕೋಟು ತೊಡಿಸಿ ನೋಡಿದರು. ಲಮಾಂಟ್ ಕನ್ನಡಿಯ ಮುಂದೆ ತಿರುಗಿ ಪಕ್ಕಗಳನ್ನು ಸವರಿದ. "ಇಲ್ಲಿ ಒಳಗೆ ಏನೋ ದಪ್ಪಗಿದೆ. ಚಿತ್ರದಲ್ಲಿ ಅವನ ಪಕ್ಕೆ ನುಣ್ಣಗಿದೆ."

"ಬಟ್ಟಿ ಬಿಟ್ಟೀನ್ರಿ. ನಾಳೆ ನೀವು ದಪ್ಪ ಆದ್ರ ಬಿಚ್ಚಾಕ ಬರ್ತೈತಿ."

"ನಾನು ಇನ್ನೆಷ್ಟು ದಪ್ಪ ಆಗಲಿ? ಕತ್ತರಿಸಿ."

"ಕತ್ತರಸ್ತೀನ್ರಿ," ಎಂದ ಜಬ್ಬಾರ್. ಕತ್ತರಿಸಲಿಲ್ಲ. ಒಳಗಿನ ಬಟ್ಟೆಯನ್ನು ಚಪ್ಪಟೆ ಮಡಚಿ, ಕೈಹೊಲಿಗೆ ಹಾಕಿ, ಮೇಲೆ ಇಸ್ತ್ರಿ ಎಳೆದ. ಅಂಗಡಿಯಲ್ಲೇ ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಡತಿ ದಿಲ್‌ಶಾದ್ ಇದನ್ನು ನೋಡಿದಳು. ಅವರ ಮನೆಮಾತು ಉರ್ದು, ಆದರೆ ಅಂಗಡಿಯ ಜಗಳ ಮೊದಲಿನಿಂದಲೂ ಕನ್ನಡದಲ್ಲೇ.

"ಗಿರಾಕಿ ಬ್ಯಾಡಂದ್ರೂ ಬಿಡ್ತೀರಲ್ರಿ, ನಿಮಗ ಏನ್ ರೋಗ?"

"ಅವರಿಗೆ ಗೊತ್ತಾಗಂಗಿಲ್ಲ ಬಿಡು," ಎಂದ ಜಬ್ಬಾರ್.

ಮೇ ತಿಂಗಳಲ್ಲಿ ಲಮಾಂಟ್ ಮತ್ತೆ ಬಂದ. ಈ ಸಲ ಅವನಿಂದ ಬಾಗಿಲು ತುಂಬಲಿಲ್ಲ. ಕೋಟು ಸಡಿಲವಾಗಿದೆ, ಸ್ವಲ್ಪ ಹಿಡಿಯಬೇಕು ಎಂದ. ಡಾಕ್ಟರು ಹೊಟ್ಟೆಯಲ್ಲಿ ಏನೋ ಕಂಡುಹಿಡಿದಿದ್ದಾರೆ, ಚಿಕಿತ್ಸೆ ಶುರುವಾಗಿದೆ ಎಂದು ಹವಾಮಾನದ ಮಾತಾಡುವ ಹಾಗೆ ಹೇಳಿದ. ಜಬ್ಬಾರ್ ಪಕ್ಕಗಳನ್ನು ಹಿಡಿದು ಹೊಸ ಹೊಲಿಗೆ ಹಾಕಿದ. ಜುಲೈನಲ್ಲಿ ಇನ್ನೊಮ್ಮೆ ಹಿಡಿದ. ಆಗಸ್ಟಿನಲ್ಲಿ ಮತ್ತೊಮ್ಮೆ. ಪ್ರತಿ ಸಲವೂ "ಹೆಚ್ಚಿಗೆ ಬಟ್ಟೆ ಕತ್ತರಿಸಿಬಿಡು," ಎಂದು ಲಮಾಂಟ್ ಹೇಳುತ್ತಿದ್ದ. ಪ್ರತಿ ಸಲವೂ ಜಬ್ಬಾರ್ "ಕತ್ತರಸ್ತೀನ್ರಿ," ಎನ್ನುತ್ತಿದ್ದ. ಮನುಷ್ಯ ತೆಳ್ಳಗಾದಷ್ಟೂ ಕೋಟು ಒಳಗೆ ದಪ್ಪವಾಗುತ್ತ ಹೋಯಿತು.

ಆಗಸ್ಟಿನ ಆ ದಿನ ಲಮಾಂಟ್ ಕನ್ನಡಿಯ ಮುಂದೆ ನಿಂತವನು ಕೈಯನ್ನು ಕೋಟಿನೊಳಗೆ ಹಾಕಿದ. ಬೆರಳಿಗೆ ಮಡಿಕೆ ಮೇಲೆ ಮಡಿಕೆ ಸಿಕ್ಕಿತು.

"ನೀನು ಒಂದು ಸಲವೂ ಕತ್ತರಿಸಿಲ್ಲ, ಅಲ್ಲವೇ?"

ಸುಳ್ಳು ಹೇಳುವ ಅಭ್ಯಾಸ ಜಬ್ಬಾರನಿಗೆ ಇತ್ತು. ಚೇತನಾ ಅವರ ಡ್ರೈಯರ್ ಇದಕ್ಕೆ ಸಾಕ್ಷಿ. ಆದರೆ ಈಗ ಬಾಯಿಗೆ ಯಾವ ಸುಳ್ಳೂ ಬರಲಿಲ್ಲ.

"ಇಲ್ರಿ," ಎಂದ. "ಕತ್ತರಿಸಿದ್ರ ನೀವು ಮತ್ತ ಮೊದಲಿನಂಗ ಆಗಂಗಿಲ್ಲ ಅಂತ ನಾನ ಹೇಳಿದಂಗ ಆಗ್ತೈತ್ರಿ. ಅದು ನನ್ನ ಕೈಲೆ ಆಗಂಗಿಲ್ಲ."

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು. ಗಿರಾಕಿಯ ಕಾಯಿಲೆಯ ವಿಷಯ ಗಿರಾಕಿಯ ಮುಂದೆ ಆಡಿದ್ದು ತಪ್ಪು ಎನಿಸಿತು. ಲಮಾಂಟ್ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಜೋಪಾನವಾಗಿ ಮಡಚಿ, ಒಳಗಡೆ ಇನ್ನೊಮ್ಮೆ ಬೆರಳಾಡಿಸಿದ. ಎಷ್ಟು ಬಟ್ಟೆ ಇದೆ ಎಂದು ಅಂದಾಜು ಮಾಡುವವನ ಹಾಗಿತ್ತು.

"ಹಾಗೇ ಇರಲಿ," ಎಂದು ಹೇಳಿ ಹೋದ.

ಸೆಪ್ಟೆಂಬರಿನಲ್ಲಿ ಬರುವ ಅಮೆರಿಕದ ಕಾರ್ಮಿಕ ದಿನದ ರಜೆ ಕಳೆದು ಅಂಗಡಿ ತೆರೆದ ದಿನ ಒಬ್ಬ ಹೆಂಗಸು ಕೋಟು ತೋಳಿನ ಮೇಲೆ ಹಾಕಿಕೊಂಡು ಬಂದಳು. ಬಾಗಿಲು ತುಂಬುವಷ್ಟು ಅಗಲವಾಗಿದ್ದಳು. ಅವಳು ಯಾರೆಂದು, ಲಮಾಂಟನಿಗೆ ಏನಾಯಿತೆಂದು ಜಬ್ಬಾರನಿಗೆ ಕೋಟು ನೋಡಿದ ಕೂಡಲೇ ತಿಳಿಯಿತು. ಕೂರಲು ಕುರ್ಚಿ ಕೊಟ್ಟ. ದಿಲ್‌ಶಾದ್ ಚಹಾ ತಂದಳು. ಬಂದವಳ ಹೆಸರು ಯೋಲಾಂಡಾ, ಗೋದಾಮೊಂದರಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ನಡೆಸುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿ ವಾರವಾಗಿತ್ತು.

"ಮುಂದಿನ ಶನಿವಾರ ಶಿಕಾಗೋದ ಸಭೆ," ಎಂದಳು. "ನಾನು ಈ ಕಾಮಿಕ್ಸ್ ಒಂದನ್ನೂ ಪೂರ್ತಿ ಓದಿದವಳಲ್ಲ. ಚಿಕ್ಕವಳಿದ್ದಾಗ ಅಪ್ಪನ ಈ ವೇಷ ನೋಡಿದರೆ ನನಗೆ ಅವಮಾನವಾಗುತ್ತಿತ್ತು. ಆದರೆ ಹೋಗಬೇಕು. ಅಪ್ಪ ಒಂದು ಮಾತು ಹೇಳಿದ್ದಾರೆ."

"ಏನ್ ಹೇಳ್ಯಾರ್ರಿ?"

"'ಜಬ್ಬಾರ್ ಹತ್ತಿರ ಹೋಗು. ಒಳಗೆ ನಿನಗಾಗುವಷ್ಟು ಬಟ್ಟೆ ಇದೆ' ಅಂದರು."

ಜಬ್ಬಾರ್ ಟೇಪು ಹುಡುಕುವ ನೆಪದಲ್ಲಿ ಹಿಂದಿನ ಕೋಣೆಗೆ ಹೋದ. ಟೇಪು ಕೊರಳಲ್ಲೇ ಇತ್ತು. ಅಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಬಂದ. ದಿಲ್‌ಶಾದ್ ಅದನ್ನು ನೋಡದವಳಂತೆ ಚಹಾದ ಸಕ್ಕರೆ ಕಲಕುತ್ತಿದ್ದಳು.

ಅಳತೆ ತೆಗೆಯುವಾಗ ಅವನ ಕೈ ಹಗುರಾಯಿತು. ಇದು ಅವನ ಸ್ವಂತ ವಿದ್ಯೆ, ಹೆಂಗಸರ ಬಟ್ಟೆ. ಆಗಸ್ಟಿನ ಹೊಲಿಗೆ ಬಿಚ್ಚಿದ, ಜುಲೈದು ಬಿಚ್ಚಿದ, ಮೇ ತಿಂಗಳದ್ದು ಬಿಚ್ಚಿದ. ಕೋಟು ಲಮಾಂಟನ ಮೊದಲ ಅಳತೆಗೆ ಬಂತು. ಅದೂ ಸಾಲದೆ, ಮಾರ್ಚಿನಲ್ಲಿ ಕತ್ತರಿಸು ಎಂದರೂ ಕತ್ತರಿಸದೆ ಉಳಿಸಿದ್ದನ್ನು ಬಿಚ್ಚಿದ. ಎದೆಗೆ ಡಾರ್ಟ್ ಎಂಬ ಮಡಿಕೆ ಹಿಡಿದ, ಸೊಂಟದ ಕೆಳಗೆ ಅಗಲ ಕೊಟ್ಟ. ಬಟ್ಟೆ ಸರಿಯಾಗಿ ಸಾಕಾಯಿತು, ಉಗುರಿನಷ್ಟೂ ಉಳಿಯಲಿಲ್ಲ. ಎಡ ಭುಜದ ಹತ್ತಿಯ ಪದರ ಮಾತ್ರ ಹೇಗಿತ್ತೋ ಹಾಗೇ ಬಿಟ್ಟ. ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ.

ಒಂದೇ ತೊಂದರೆ ಉಳಿಯಿತು. ಬಿಚ್ಚಿದ ಹೊಲಿಗೆಗಳ ಗೆರೆಗಳು ಎರಡೂ ಪಕ್ಕದಲ್ಲಿ ಒಂದರ ಪಕ್ಕ ಒಂದು ಎದ್ದು ಕಾಣುತ್ತಿದ್ದವು. ಉಗಿ ಕೊಟ್ಟು ತಿಕ್ಕಿದರೂ ಹೋಗಲಿಲ್ಲ. ಜಬ್ಬಾರ್ ಮೇಲೊಂದು ಪಟ್ಟಿ ಹಚ್ಚಲೇ ಎಂದು ಕೇಳಿದ. ಯೋಲಾಂಡಾ ಬೆರಳಿನಿಂದ ಒಂದೊಂದು ಗೆರೆ ಮುಟ್ಟಿ ನೋಡಿದಳು. ಯಾವುದು ಯಾವ ತಿಂಗಳದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬೇಡ. ಕಾಣಲಿ," ಎಂದಳು. ಆಮೇಲೆ, "ನೀವೂ ಬರಬೇಕು," ಎಂದಳು.

ಶನಿವಾರ ಅಂಗಡಿಗೆ ಬೀಗ ಹಾಕುವುದು ಜಬ್ಬಾರನಿಗೆ ರೂಢಿಯಿಲ್ಲ. ಅವತ್ತು ಹಾಕಿದ. ಮಗಳು ದಾನಿಯಾ ಡ್ರೈವ್ ಮಾಡಿದಳು. ಅವಳು ಶಿಕಾಗೋ ಪಕ್ಕದ ನೇಪರ್‌ವಿಲ್‌ನ ಗೆಳತಿಯ ಮನೆಗೆ ಹೇಗೂ ಹೋಗುವವಳಿದ್ದಳು.

"ಅಬ್ಬಾಜಾನ್, ಆರ್ ಯು ಓಕೆ?" ಎಂದು ದಾರಿಯಲ್ಲಿ ಗ್ಯಾರಿ ಎಂಬ ಊರಿನ ಎಕ್ಸಿಟ್ ದಾಟುವಾಗ ಕೇಳಿದಳು. ಅವನು ಆರ್ಡರ್ ಡೆಲಿವರಿಗೆ ಇಷ್ಟು ದೂರ ಬಂದದ್ದು ಇದೇ ಮೊದಲು ಎಂದು ಉತ್ತರಿಸಿದ.

ನೆಲಮಾಳಿಗೆಯಲ್ಲಿ ಮಡಚುವ ಕುರ್ಚಿಗಳು ಬಹಳ ಇದ್ದವು, ಜನ ಅಷ್ಟಿರಲಿಲ್ಲ. ಜಬ್ಬಾರ್ ಮತ್ತು ದಿಲ್‌ಶಾದ್ ಹಿಂದಿನ ಸಾಲಿನಲ್ಲಿ ಕೂತರು. ಕೋಟು, ಗವಸು, ಮುಖವಾಡ ತೊಟ್ಟ ಕ್ಯಾಪ್ಟನ್ ಮುಂದೆ ನಿಂತಿದ್ದ. ಲಮಾಂಟ್ ಹೋದ ಸುದ್ದಿ ಎಲ್ಲರಿಗೂ ತಿಳಿದಿತ್ತು, ಒಳಗಿರುವುದು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ನಿವೃತ್ತ ಲೈಬ್ರರಿಯನ್ ಒಬ್ಬರು ಚರಿತ್ರೆ ಹೇಳಿದರು. ಲಿಫ್ಟಿನ ತಂತಿ ಹರಿದದ್ದು ಮಂಗಳವಾರವೋ ಬುಧವಾರವೋ ಎಂದು ಇಬ್ಬರು ಮುದುಕರು ಕಿತ್ತಾಡಿದರು. ರೋಬೋಟಿನ ವಿಷಯ ಬಂದಾಗ ಎಲ್ಲರೂ ಸೇರಿ ಛೀಮಾರಿ ಹಾಕಿದರು. ಜಬ್ಬಾರನೂ ಹಾಕಿದ.

ಕೊನೆಗೆ ಹಳದಿ ಟೋಪಿಯ ಅಜ್ಜಿಯೊಬ್ಬಳು ಕೋಲೂರಿ ಎದ್ದು, ಪ್ರತಿ ವರ್ಷದಂತೆ ಕೇಳಿದಳು. "ಯಾರ ಮಗ ನೀನು?"

ಕ್ಯಾಪ್ಟನ್ ಮುಖವಾಡ ತೆಗೆದ.

"ಮಗ ಅಲ್ಲ," ಎಂದಳು ಯೋಲಾಂಡಾ. "ಲಮಾಂಟ್ ಗ್ರಿಗ್ಸ್‌ಬಿಯ ಮಗಳು."

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಗಬಹುದು," ಎಂದು ಕೂತಳು. ಆಮೇಲೆ ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು, ಕೆಲವರು ಅಳುತ್ತ ಹೊಡೆದರು. ಯೋಲಾಂಡಾ ಕೈಯೆತ್ತಿ ನಿಲ್ಲಿಸಿದಳು.

"ಅಪ್ಪ ಚರಿತ್ರೆಗೆ ಒಂದು ತಿದ್ದುಪಡಿ ಬಿಟ್ಟುಹೋಗಿದ್ದಾರೆ. ಕ್ಯಾಪ್ಟನ್‌ನ ಕೋಟು ಹೊಲಿದವರು ಯಾರು ಅಂತ ಎಲ್ಲೂ ಹೇಳಿಲ್ಲವಂತೆ. ಮೊದಲನೆಯದು ಒಡೆಸ್ಸಾ ಅನ್ನುವ ಹೆಂಗಸು. ಅದು ಸವೆದ ಮೇಲೆ ಹೊಲಿದವರು ಗದಗ ಅನ್ನುವ ಊರಿನ ಜಬ್ಬಾರ್. ಅಲ್ಲಿ ಹಿಂದೆ ಕೂತಿದ್ದಾರೆ."

ಮಂಗಳವಾರದ ಮುದುಕ ಎದ್ದು, ನಾಲ್ಕನೇ ಸಂಚಿಕೆಯಲ್ಲಿ ಬೇರೇನೋ ಇದೆ ಎಂದ. ಬುಧವಾರದವನು, ಏನೂ ಇಲ್ಲ, ಕೂತುಕೋ ಎಂದ. ಕೈ ಎತ್ತಿಸಿ ನೋಡಿದರು. ತಿದ್ದುಪಡಿ ಒಪ್ಪಿಗೆಯಾಯಿತು. ಅಲ್ಲಿಗೆ ಬೆಟಗೇರಿಯ ಜಬ್ಬಾರ್, ಲಿಫ್ಟ್ ನಡೆಸುವ ವಾಲ್ಟರ್ ಪೀಸ್‌ಗೆ ಅಧಿಕೃತ ದರ್ಜಿಯಾದ. ಲೈಬ್ರರಿಯನ್ ಅವನನ್ನು ಎಬ್ಬಿಸಿ ನಿಲ್ಲಿಸಿ, ಕ್ಯಾಪ್ಟನ್ ಬಗ್ಗೆ ನಮಗೆ ಗೊತ್ತಿಲ್ಲದ್ದು ಏನಾದರೂ ಹೇಳಬೇಕು ಎಂದು ಕೇಳಿದರು.

ಜಬ್ಬಾರ್ ಎದುರಿಗಿದ್ದ ಕೋಟನ್ನು ನೋಡಿದ. ಹೆಂಡತಿ ಕೆಳಗಿನಿಂದ ಅಂಗಿಯ ತುದಿ ಜಗ್ಗಿದಳು.

"ಕ್ಯಾಪ್ಟನ್ ಸಾಹೇಬ್ರದು ಎಡ ಭುಜ ಒಂದೀಟು ಇಳದೈತ್ರಿ," ಎಂದ. "ಮುಖವಾಡ ಹಾಕ್ಕೊಂಡ್ರೂ ನನಗ ಗೊತ್ತಾಗ್ತೈತಿ. ಮಗಳಿಗೂ ಹಂಗ ಐತಿ. ಅಲ್ಲಿ ಇಟ್ಟ ಹತ್ತಿ ಒಂದು ನಾನು ಬಿಚ್ಚಲಿಲ್ರಿ."

ಯೋಲಾಂಡಾ ಗವಸು ಹಾಕಿದ ಬಲಗೈಯಿಂದ ತನ್ನ ಎಡ ಭುಜ ಮುಟ್ಟಿ ನೋಡಿಕೊಂಡಳು. ಅದು ಅವಳಿಗೇ ಗೊತ್ತಿರಲಿಲ್ಲ. ಹಳದಿ ಟೋಪಿಯ ಅಜ್ಜಿ ಕೋಲಿನಿಂದ ನೆಲ ಕುಟ್ಟಿ, ಅದನ್ನೂ ಚರಿತ್ರೆಗೆ ಸೇರಿಸಿ ಎಂದಳು.